ಪಂಚಮಿಗೆ ಬಂದ ಮಗಳನ್ನು ವಾಪಸ್ ಕಳಿಸುವ ಮೊದಲು

ಶ್ರಾವಣ ಬಂತು ಅಂದ್ರೆ ನಮ್ಮ ಬಾಗಲಕೋಟೆ ಕಡೆ ಬಸ್ಸಿನ ತುಂಬ ತವರಿಗೆ ಹೊರಟ ಹೆಣ್ಣುಮಕ್ಕಳೇ. ಉಂಡಿ ಕಟ್ಟುತ್ತೇವೆ, ಜೋಕಾಲಿ ಹಾಕುತ್ತೇವೆ, ಕುಪ್ಪಸಕ್ಕೆ ಖಣ ಕೊಟ್ಟು ಮತ್ತೆ ಬಸ್ ಹತ್ತಿಸಿ ಕಳಿಸುತ್ತೇವೆ. ಆ ನಡುವೆ ಒಂದು ಸಲ ಅವಳೊಬ್ಬಳನ್ನೇ ಕೂರಿಸಿಕೊಂಡು, "ಅಲ್ಲಿ ನಿನಗ ಅಂಜಿಕಿ ಅನಸ್ತದೇನವಾ?" ಎಂದು ಕೇಳಿ. "ಆರಾಮ ಇದ್ದೀ?" ಎಂದು ಎಲ್ಲರ ಮುಂದೆ ಕೇಳಿದರೆ "ಆರಾಮ ಇದ್ದೀನಿ" ಅಂತಲೇ ಹೇಳುತ್ತಾಳೆ. ಬೇರೆ ಏನು ಹೇಳಲು ಸಾಧ್ಯ?

ಮೈಮೇಲೆ ಗುರುತು ಇದ್ದರೆ ಮಾತ್ರ ಹಿಂಸೆ ಅಂದುಕೊಂಡವರು ನಮ್ಮಲ್ಲಿ ಜಾಸ್ತಿ. ಹಬ್ಬಕ್ಕೆ ಬಂದವಳಿಗೆ ಗಂಡ ಗಂಟೆಗೊಮ್ಮೆ ವಿಡಿಯೊ ಕಾಲ್ ಮಾಡಿ, ಪಕ್ಕದಲ್ಲಿ ಯಾರಿದ್ದಾರೆ ತೋರಿಸು ಅನ್ನುತ್ತಾನಾ? ಅದನ್ನು ಪ್ರೀತಿ ಅಂತ ನಗಬೇಡಿ. ಮದುವೆಯಲ್ಲಿ ಹಾಕಿದ ಬಂಗಾರದ ಬೋರಮಾಳ ಸರ ಕೊರಳಲ್ಲಿ ಇಲ್ಲ, ಕೇಳಿದರೆ ಮಾತು ತಿರುಗಿಸುತ್ತಾಳೆ. ದಿನಪೂರ್ತಿ ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುತ್ತಾಳೆ, ಕೂಲಿ ಅವನ ಕೈಗೆ. ಗೃಹಲಕ್ಷ್ಮಿಯ 2000 ರೂಪಾಯಿ ಅವಳ ಖಾತೆಗೆ ಬರುತ್ತದೆ, ಎಟಿಎಂ ಕಾರ್ಡು ಮಾತ್ರ ಅವನ ಜೇಬಿನಲ್ಲಿ, ಮಗುವಿನ ಔಷಧಿಗೂ ಅವಳು ಕೈಚಾಚಬೇಕು. ಮಾತು ಕೇಳದಿದ್ದರೆ ಬೆಳೆಗೆ ಹೊಡೆಯುವ ಎಣ್ಣೆ ಕುಡಿದು ಸಾಯುತ್ತೇನೆ ಎಂದು ಅವನೇ ಹೆದರಿಸುತ್ತಾನೆ. ಒಲ್ಲೆ ಅಂದರೂ ರಾತ್ರಿ ಮೈಮೇಲೆ ಬೀಳುವುದನ್ನು ಅವಳು ಯಾರ ಹತ್ತಿರ ಹೇಳಿಕೊಳ್ಳಬೇಕು?

ಇದೆಲ್ಲವೂ ಹಿಂಸೆ. ನಾನು ಹೇಳುತ್ತಿರುವುದಲ್ಲ, 2005ರ ಕೌಟುಂಬಿಕ ಹಿಂಸೆ ತಡೆ ಕಾನೂನು ಹೇಳುತ್ತದೆ. ಮೈಗೆ ಮಾಡುವ ಹಿಂಸೆ, ಲೈಂಗಿಕ ಹಿಂಸೆ, ಮಾತಿನಿಂದ ಮತ್ತು ಮನಸ್ಸಿಗೆ ಕೊಡುವ ಹಿಂಸೆ, ದುಡ್ಡಿನ ಹಿಂಸೆ, ಎಲ್ಲ ಅದರೊಳಗೆ ಬರುತ್ತವೆ. ಹೆಂಡತಿಗೆ ಮಾತ್ರ ಅಲ್ಲ, ಮಗನ ಕೈಯಲ್ಲಿ ಏಟು ತಿನ್ನುವ ತಾಯಿಗೂ, ಅಣ್ಣನ ಮನೆಯಲ್ಲಿರುವ ವಿಧವೆ ತಂಗಿಗೂ ಅದು ರಕ್ಷಣೆ ಕೊಡುತ್ತದೆ.

ನಮ್ಮ ಕಡೆ ಇದಕ್ಕೆ ಇನ್ನೊಂದು ಕಟ್ಟು ಇದೆ. ಸಂಬಂಧದೊಳಗೇ ಹೆಣ್ಣು ಕೊಡುವುದು. ನನ್ನ ಚಿಗವ್ವ, ಅಂದರೆ ಅವ್ವನ ತಂಗಿ, ತನ್ನ ಮಗಳನ್ನು ತನ್ನ ತಮ್ಮನಿಗೇ ಕೊಟ್ಟಳು. ಅವನು ನನಗೂ ಸೋದರಮಾವ. ಬನಶಂಕರಿ ಜಾತ್ರೆಯಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೇರು ತೋರಿಸಿದವನು. ಅವನೇ ಮನೆಯಲ್ಲಿ ಹೆಂಡತಿಯ ಕೈ ತಿರುಚುತ್ತಾನೆ, ಬೆಲ್ಟಿನಿಂದ ಹೊಡೆಯುತ್ತಾನೆ ಅಂದಾಗ ಮನೆಯವರು ಯಾರೂ ನಂಬಲಿಲ್ಲ. ಅವಳ ಅತ್ತೆ ಅಂದರೆ ನಮ್ಮ ಅಜ್ಜಿ. "ನನ್ನ ಮಗ ಹಂಗ ಮಾಡಾಂವಲ್ಲ" ಅಂದಳು. ಚಿಗವ್ವ ಮಗಳ ಕೈಗೆ ಎಣ್ಣೆ ಹಚ್ಚಿ, ತಮ್ಮನನ್ನು ಬಿಟ್ಟುಕೊಡಲಾರದೆ, "ಹೊಂದ್ಕೊಂಡು ಹೋಗವಾ, ಮನಿ ಮಾತು ಹೊರಗ ಹೋಗಬಾರದು" ಅಂದಳು. ನ್ಯಾಯ ಹೇಳಬೇಕಾದ ಹಿರಿಯರೆಲ್ಲ ಎರಡೂ ಕಡೆಯ ಬೀಗರೇ ಆಗಿರುವಾಗ ಆ ಹುಡುಗಿಗೆ ಹೋಗುವುದಕ್ಕೆ ಇನ್ನೊಂದು ಮನೆಯೇ ಇರಲಿಲ್ಲ. ಬೇರೆ ಊರಿಗೆ ಕೊಟ್ಟ ಹೆಣ್ಣಿಗೆ ತವರು ಅಂತ ಒಂದು ಇರುತ್ತದೆ, ಇವಳಿಗೆ ತವರೂ ಅವನದೇ ಕಡೆಯಾಗಿತ್ತು. ಸಂಬಂಧದಲ್ಲಿ ಕೊಟ್ಟರೆ ಮಗಳು ಸುಖವಾಗಿರುತ್ತಾಳೆ ಎನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಆ ವರ್ಷ ಪಂಚಮಿಗೆ ಬಂದಾಗ ಅವಳು ಪಕ್ಕದ ಮನೆಯವರ ಫೋನಿನಿಂದ 181ಕ್ಕೆ ಕರೆ ಮಾಡಿದಳು. ಇದು ಮಹಿಳಾ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ. ಅಲ್ಲಿಂದ ಅವಳನ್ನು ಜಿಲ್ಲೆಯ ಸಖಿ ಕೇಂದ್ರಕ್ಕೆ, ಅಂದರೆ ಹಿಂಸೆಗೆ ಒಳಗಾದ ಹೆಣ್ಣುಮಕ್ಕಳಿಗೆ ನೆರವಾಗುವ ಸರ್ಕಾರಿ ಕೇಂದ್ರಕ್ಕೆ, ಜೋಡಿಸಿದರು. ಸಖಿಯಲ್ಲಿ ಸಾಮಾನ್ಯವಾಗಿ ಐದು ದಿನದವರೆಗೆ ಉಳಿಯಬಹುದು. ವೈದ್ಯರು, ಪೊಲೀಸ್, ವಕೀಲರು ಬೇಕಾದರೆ ಅವರೇ ವ್ಯವಸ್ಥೆ ಮಾಡುತ್ತಾರೆ. ಆಮೇಲೆ ತಾಲೂಕಿನ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರ ಹತ್ತಿರ ಹೋದೆವು. ಅಂಗನವಾಡಿ ನೋಡಿಕೊಳ್ಳುವ ಸಿಡಿಪಿಓ ಅವರೇ ಈ ಕಾನೂನಿಗೆ ರಕ್ಷಣಾಧಿಕಾರಿ ಕೂಡ, ಇದು ಬಹಳ ಜನಕ್ಕೆ ಗೊತ್ತಿಲ್ಲ. ನಡೆದದ್ದನ್ನೆಲ್ಲ ಅವರು ವರದಿಯಾಗಿ ಬರೆದು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಕಳಿಸುತ್ತಾರೆ. ಗಂಡನ ಊರಿಗೇ ಹೋಗಿ ಕೇಸು ಹಾಕಬೇಕು ಅಂತಿಲ್ಲ. ಈಗ ಎಲ್ಲಿ ಆಸರೆ ಪಡೆದಿದ್ದಾಳೋ, ತಾತ್ಕಾಲಿಕವಾಗಿಯಾದರೂ, ಅಲ್ಲಿನ ಕೋರ್ಟಿನಲ್ಲೇ ಹಾಕಬಹುದು. ವಕೀಲರಿಗೆ ದುಡ್ಡಿಲ್ಲ ಅನ್ನುವ ಚಿಂತೆ ಬೇಡ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ, 15100ಕ್ಕೆ ಕೇಳಿದರೆ ಆಯಿತು.

ಗಂಡ ಮತ್ತೆ ಹಿಂಸೆ ಮಾಡಬಾರದು ಎಂದು ಕೋರ್ಟು ಅವಳಿಗೆ ರಕ್ಷಣಾ ಆದೇಶ ಕೊಟ್ಟಿತು. ಅದನ್ನು ಮೀರಿದರೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಮನೆ ಅವಳ ಹೆಸರಿನಲ್ಲಿ ಇಲ್ಲದಿದ್ದರೂ ಹೆಂಡತಿಯನ್ನು ಸುಮ್ನೆ ಬೀದಿಗೆ ತಳ್ಳುವಂತಿಲ್ಲ, ಖರ್ಚಿಗೆ ದುಡ್ಡು ಕೇಳಬಹುದು, ಬಂಗಾರ ವಾಪಸ್ ಕೇಳಬಹುದು. ಅರ್ಜಿಯನ್ನು 60 ದಿನಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಕಾನೂನಿನಲ್ಲಿದೆ, ಆದರೆ ಜಾಸ್ತಿ ಸಮಯ ಹಿಡಿಯುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಬೇಕು. ಜೊತೆಗೆ ಯಾರಾದರೂ ಇರಲೇಬೇಕು. ಹೊಡೆತಕ್ಕೆ ಪೊಲೀಸ್ ಕೇಸು ಬೇರೆ, 2024ರ ಜುಲೈನಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ. ಹಳಬರು 498ಎ ಅನ್ನುತ್ತಾರಲ್ಲ, ಅದೇ.

ಚಿಗವ್ವನಿಗೂ ಅವಳ ತಮ್ಮನಿಗೂ ಇವತ್ತಿಗೂ ಮಾತಿಲ್ಲ. ಹಬ್ಬದ ದಿನ ಅವಳು ಅಳುತ್ತಾಳೆ. ಆ ದುಃಖ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಮಗಳು ಈಗ ಬಾಗಿಲು ಬಡಿದ ಸದ್ದಿಗೆ ಬೆಚ್ಚಿ ಬೀಳುವುದಿಲ್ಲ.

ಇದನ್ನು ಓದುತ್ತಿರುವವರು ಅಂಥ ಮನೆಯಲ್ಲೇ ಇದ್ದರೆ, ಮೊದಲು ನಿಮ್ಮ ಜೀವ ನೋಡಿಕೊಳ್ಳಿ. ಅವನು ಫೋನ್ ತೆಗೆದು ನೋಡುತ್ತಾನಾದರೆ ಬೇರೆಯವರ ಫೋನಿನಿಂದ ಮಾತಾಡಿ. ಬಿಟ್ಟು ಹೋಗುತ್ತೇನೆ ಎಂದು ಜಗಳದಲ್ಲಿ ಹೇಳಬೇಡಿ. ಹೆಂಡತಿ ಹೊರಡುವ ಹೊತ್ತಿನಲ್ಲೇ ಅಪಾಯ ಜಾಸ್ತಿ, ಅದಕ್ಕೆ ಅವನು ಮನೆಯಲ್ಲಿ ಇಲ್ಲದಾಗ ಹೊರಡಿ. ಆಧಾರ್, ಪಾಸ್‌ಬುಕ್, ಮಕ್ಕಳ ಜನನ ಪತ್ರ ಒಂದು ಚೀಲದಲ್ಲಿ ನಂಬಿಕೆಯವರ ಮನೆಯಲ್ಲಿ ಇರಲಿ. ಶಕ್ತಿ ಯೋಜನೆಯಲ್ಲಿ ಬಸ್ ಫ್ರೀ ಇದ್ದರೂ ಗುರುತಿನ ಚೀಟಿ ಬೇಕು, ಅದು ಅವನ ಕಪಾಟಿನಲ್ಲಿದ್ದರೆ ಟಿಕೆಟ್ ದುಡ್ಡು ಮುಚ್ಚಿಡಿ. ಜಗಳ ಶುರುವಾದರೆ ಅಡುಗೆಮನೆಗೆ ಓಡಬೇಡಿ, ಚಾಕು, ಒಲೆ ಎಲ್ಲ ಅಲ್ಲೇ ಇರುತ್ತವೆ, ಹೊರಬಾಗಿಲ ಕಡೆ ಹೋಗಿ. ಆಸ್ಪತ್ರೆಗೆ ಹೋದಾಗ ಬಚ್ಚಲದಲ್ಲಿ ಜಾರಿ ಬಿದ್ದೆ ಅನ್ನಬೇಡಿ. ಹೊಡೆದರು ಅಂತಲೇ ಹೇಳಿ, ಡಾಕ್ಟರು ಬರೆದಿಟ್ಟ ಕಾಗದ ಮುಂದೆ ಸಾಕ್ಷಿಯಾಗುತ್ತದೆ. ಒಂದೇ ಒಂದು ಸಲ ಕುತ್ತಿಗೆ ಹಿಸುಕಿದ್ದರೂ, ಗುರುತು ಕಾಣದಿದ್ದರೂ, ತಕ್ಷಣ ಆಸ್ಪತ್ರೆಗೆ ಹೋಗಿ. ಹಾಗೆ ಮಾಡಿದವನು ಜೀವ ತೆಗೆಯುವ ಅಪಾಯ ಬಹಳ. ಮಕ್ಕಳಿಗೆ ಹೊಡೆತ ಬೀಳುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಪಕ್ಕದ ಮನೆಯವರೂ ದೂರು ಕೊಡಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ ಎಂದು ಅದೇ ಕಾನೂನಿನಲ್ಲಿದೆ.

ಅಣ್ಣ ತಮ್ಮಂದಿರೇ, ರಾತ್ರಿ ಅವಳ ಫೋನ್ ಬಂದರೆ "ಮುಂಜಾನೆ ನೋಡೂಣು" ಅನ್ನಬೇಡಿ. ಪೊಲೀಸರ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ ಅವಳ ವಿಳಾಸ ಹೇಳಿ, ಆಮೇಲೆ ನೀವೂ ಗಾಡಿ ತೆಗೆಯಿರಿ. ಅಲ್ಲಿ ಹೋಗಿ ಹೊಡೆದಾಟಕ್ಕೆ ನಿಲ್ಲಬೇಡಿ, ಅವಳನ್ನೂ ಮಕ್ಕಳನ್ನೂ ಕರೆದುಕೊಂಡು ಬನ್ನಿ.