ಮಂಡ್ಯದ ಹೊಟ್ಟೆಯೊಳಗೊಂದು ಸೊನ್ನೆ

ಊರುಗಳ ಹೆಸರಿನ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಸರಿಮಾಡುವುದು ಆಕಳಿಕೆ ಬರಿಸುವ ಕೆಲಸ. ಆದರೆ ಪಟ್ಟಿ ಮಂಡ್ಯ ಜಿಲ್ಲೆಯದಾದರೆ ನಗಲಿಕ್ಕೂ ಸ್ವಲ್ಪ ಸಮಯ ಇಟ್ಟುಕೊಳ್ಳಿ.

ಎಕ್ಸೆಲ್‌ನಲ್ಲಿ ‘ಮಂಡ್ಯ’ ಎಂದು ಹುಡುಕಿದಿರಿ ಅನ್ನಿ. ಕೆಲವು ಸಾಲು ಸಿಗುತ್ತವೆ, ಇನ್ನು ಕೆಲವು ಕಣ್ಣೆದುರೇ ಇದ್ದರೂ ಸಿಗುವುದಿಲ್ಲ. ಸಿಗದ ಸಾಲಿನ ಎರಡನೆಯ ಅಕ್ಷರವನ್ನು ಮಿಡ್ ಫಂಕ್ಷನ್ನಿನಿಂದ ಬಿಡಿಸಿ ತೆಗೆದು ಯೂನಿಕೋಡ್ ಫಂಕ್ಷನ್ನಿಗೆ ಕೊಡಿ. ಯೂನಿಕೋಡ್ ಎಂದರೆ ಲೋಕದ ಲಿಪಿಗಳ ಪ್ರತಿ ಅಕ್ಷರಕ್ಕೂ ಕೊಟ್ಟಿರುವ ಮನೆ ನಂಬರು, ಈ ಫಂಕ್ಷನ್ ಅದನ್ನು ಹೇಳುತ್ತದೆ. ಸರಿಯಾದ ಮಂಡ್ಯದಲ್ಲಿ 3202 ಬರಬೇಕು, ಅದು ಅನುಸ್ವಾರ. ಇಲ್ಲಿ 3302 ಬರುತ್ತದೆ, ಅದು ಕನ್ನಡದ ಅಂಕಿ ಸೊನ್ನೆ. ನೋಡಲು ಅವಳಿ ಜವಳಿ, ನಡುವೆ ಸರಿಯಾಗಿ ನೂರು ಮನೆ ಅಂತರ. ಸ್ಕೂಲಿನಲ್ಲಿ ‘ಮ ಸೊನ್ನೆ ಮಂ’ ಎಂದು ಹೇಳಿಕೊಟ್ಟದ್ದನ್ನು ಯಾರೋ ಅಕ್ಷರಶಃ, ಅಲ್ಲಲ್ಲ, ಅಂಕಿಶಃ ಪಾಲಿಸಿದ್ದಾರೆ: ಮ೦ಡ್ಯ. ಜಿಲ್ಲೆಯ 7 ತಾಲ್ಲೂಕುಗಳಲ್ಲಿ ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲ, ಹೀಗೆ 4ಕ್ಕೆ ಈ ಕಾಯಿಲೆ ತಗಲಬಹುದು. ಮದ್ದೂರು, ಮಳವಳ್ಳಿ, ಕೃಷ್ಣರಾಜಪೇಟೆ ಬಚಾವ್.

ಸೊನ್ನೆಗೆ ಒಬ್ಬ ಅಣ್ಣನಿದ್ದಾನೆ, ಒಂಬತ್ತು. ಅರ್ಕಾವತ್ತಿನ ಜಾಗದಲ್ಲಿ ಬಂದು ಕೂರುವುದು ಇವನ ಕಸುಬು: ಕನಾ೯ಟಕ, ಸೂಯ೯, ವಾಡ್೯. ‘ಮ೦ಡ್ಯ, ಕನಾ೯ಟಕ’ ಎಂದು ಬರೆದರೆ ಪಿನ್‌ಕೋಡ್ ಬರುವ ಮೊದಲೇ ವಿಳಾಸದಲ್ಲಿ ಎರಡು ಅಂಕಿ ಸೇರಿಕೊಂಡಿರುತ್ತವೆ.

ಸರಿಪಡಿಸುವಾಗ ಆತುರ ಬೇಡ. ಎಲ್ಲ ಸೊನ್ನೆಯನ್ನೂ ಒಂದೇ ಏಟಿಗೆ ಅನುಸ್ವಾರ ಮಾಡಿದರೆ ‘೧೦ ಗುಂಟೆ’ ಹೋಗಿ ‘೧ಂ ಗುಂಟೆ’ ಆಗುತ್ತದೆ, ಜಮೀನಿನ ಲೆಕ್ಕ ಮೂಗಿನಲ್ಲಿ ಮಾತಾಡತೊಡಗುತ್ತದೆ. ಹಿಂದೆ ಅಕ್ಷರವೋ ಸ್ವರಚಿಹ್ನೆಯೋ ಇರುವ ಸೊನ್ನೆಯನ್ನು ಮಾತ್ರ ಹಿಡಿಯಬೇಕು. ಎಕ್ಸೆಲ್‌ನಂಥದೇ ಆದ ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ಹುಡುಕಿ ಬದಲಿಸುವ ಕಿಟಕಿ ತೆರೆದು, ರೆಗ್ಯುಲರ್ ಎಕ್ಸ್‌ಪ್ರೆಶನ್ ಆಯ್ಕೆಗೆ (ಪದದ ಬದಲು ಅಕ್ಷರಗಳ ಮಾದರಿ ಕೊಟ್ಟು ಹುಡುಕುವ ವಿಧಾನ) ಟಿಕ್ ಹಾಕಿ, ಹುಡುಕುವ ಕಡೆ ಇದನ್ನು ಕೊಡಿ:

([ಅ-ೌ])೦

ಬದಲಿಸುವ ಕಡೆ ಇದು:

$1ಂ

ಒಂಬತ್ತಿನದು ಇನ್ನೂ ಸೊಗಸು. ಅರ್ಕಾವತ್ತನ್ನು ಬರೆಯುವುದು ಅಕ್ಷರದ ಆಚೆ, ಉಚ್ಚರಿಸುವುದು ಈಚೆ. ಯೂನಿಕೋಡ್ ಉಚ್ಚಾರಣೆಯ ಪಕ್ಷ. ಹಾಗಾಗಿ ೯ನ್ನು ಅಳಿಸಿದರೆ ಸಾಲದು, ಇಡೀ ಒತ್ತಕ್ಷರವನ್ನು ಹಾರಿ ಅದರ ಮುಂದೆ ‘ರ್’ ಇಡಬೇಕು. ಹುಡುಕಲು:

((?:[ಕ-ಹ]್)*[ಕ-ಹ][ಾ-್]?)೯

ಬದಲಿಸಲು:

ರ್$1

ಇದು ‘ಅಘ್ಯ೯’ವನ್ನೂ ‘ಅರ್ಘ್ಯ’ ಮಾಡುತ್ತದೆ. ‘ವಾರ್ಡ್ ೯’ ಎಂಬಲ್ಲಿ ನಡುವೆ ಖಾಲಿ ಜಾಗ ಇರುವುದರಿಂದ ಅಲ್ಲಿನ ಒಂಬತ್ತು ಒಂಬತ್ತಾಗಿಯೇ ಉಳಿಯುತ್ತದೆ. ವಿಸರ್ಗಕ್ಕೆ ಕೋಲನ್ ಹಾಕುವವರೂ ಇದ್ದಾರೆ. ಅಂಥ ಫೈಲನ್ನು ಇಡೀ ಜಾಲಾಡಿದರೂ ದುಃಖ ಸಿಗುವುದಿಲ್ಲ. ಅದನ್ನು ಸರಿಪಡಿಸಬೇಕೇ ಎಂದು ಒಂದು ಕ್ಷಣ ಯೋಚಿಸುವಂತಾಗುತ್ತದೆ.

ಮೈಸೂರಿನ ಡಿಟಿಪಿ ಅಂಗಡಿಗಳಲ್ಲಿ ಮದುವೆ ಕರೆಯೋಲೆ, ಫ್ಲೆಕ್ಸು ಮಾಡುವವರಿಗೆ ಪರಿಚಿತವಾದ ಇನ್ನೊಂದು ತಮಾಷೆ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಫೈಲುಗಳದು, ಅಂದರೆ ಯೂನಿಕೋಡ್ ಬಳಸದ ಫೈಲುಗಳದು. ಆ ಫಾಂಟಿನಲ್ಲಿ ಇರುವುದೇ 256 ಮನೆ. ಯುರೋಪಿನ ಭಾಷೆಗಳ ಅಕ್ಷರಗಳು ವಾಸವಿದ್ದ ಮನೆಗಳಿಗೆ ಕನ್ನಡದ ತುಂಡುಗಳನ್ನು ಒಕ್ಕಲು ತಂದಿದ್ದಾರೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲು ತೆರೆದರೆ ಹಳೇ ಒಕ್ಕಲಿನವರು ಆಚೆ ಬರುತ್ತಾರೆ. ‘ಕನ್ನಡ’ದ ನ ಬ್ರಿಟಿಷರ ಪೌಂಡ್, ಅದರ ಕೆಳಗಿನ ಒತ್ತು ಜರ್ಮನ್ನರ ಜೋಡಿ ಎಸ್. ‘ಕರ್ನಾಟಕ’ದ ಅರ್ಕಾವತ್ತು ಐಸ್‌ಲ್ಯಾಂಡಿನ ಅಕ್ಷರ. ‘ಮೈಸೂರಿ’ನ ದೀರ್ಘ ಊಕಾರ ಡೆನ್ಮಾರ್ಕಿನ ಎ-ಇ ಜೋಡಿ. ‘ಮಂಡ್ಯ’ದ ಯ ಒತ್ತಂತೂ ತಲೆಯ ಮೇಲೆ ಬಳೆ ಇಟ್ಟುಕೊಂಡ ಸ್ವೀಡನ್ನಿನ ಎ. ಪ ಅಕ್ಷರ ಜಪಾನಿನ ಯೆನ್ ಆಗಿರುವುದರಿಂದ ಪಾಪ, ಪುಣ್ಯ ಎರಡೂ ಹಣದಿಂದಲೇ ಶುರು.

ಈ ಫೈಲನ್ನು ಯೂನಿಕೋಡಿಗೆ ತರುವ ಪ್ರೋಗ್ರಾಮ್ ಬರೆಯುವವರು ಎಡವುವುದು ‘ಮ’ ಹತ್ತಿರ. ಜಾಗ ಉಳಿಸಲು ನುಡಿಯಲ್ಲಿ ‘ವ’ಕ್ಕೆ ಕೊಂಬು ಕೊಟ್ಟು ‘ಮ’ ಮಾಡಿದ್ದಾರೆ, ಮೂರು ಸಂಕೇತಗಳ ಸಾಲು. ಅದರ ಮೊದಲೆರಡೇ ಸಾಕು, ‘ವ’ ಆಗಿಬಿಡುತ್ತದೆ. ಕೋಷ್ಟಕದಲ್ಲಿ ಚಿಕ್ಕದನ್ನು ಮೊದಲು ಬದಲಿಸಿದರೆ ‘ಮಂಡ್ಯ’ ‘ವುಂಡ್ಯ’ ಆಗುತ್ತದೆ. ಉದ್ದದ ಸಾಲು ಮೊದಲು, ಗಿಡ್ಡದ್ದು ಆಮೇಲೆ. ನಿಜವಾದ ‘ವು’ಗೆ ಬೇರೆಯೇ ಕೊಂಬಿನ ಸಂಕೇತ ಇದೆ, ಆದ್ದರಿಂದ ಗೊಂದಲವಾಗದು. ಈ ಜಿಪುಣತನವನ್ನು ಕಂಡುಹಿಡಿದ ತಲೆಗೆ ಕೈ ಮುಗಿಯಬೇಕು.

ಮಧ್ಯೆ ಬಿಡುವಾದರೆ ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ಗೆ ‘ವಿಕಟಕವಿ’ ಕೊಟ್ಟು ತಿರುಗಿಸಲು ಹೇಳಿ. ಹಿಂದಿನಿಂದ ಓದಿದರೂ ಅದೇ ಬರುವ ಪದ ಎಂದು ಮಕ್ಕಳಿಗೂ ಗೊತ್ತು. ಕಂಪ್ಯೂಟರ್ ಮಾತ್ರ ಅದರಲ್ಲಿ 7 ಸಂಕೇತ ಎಣಿಸಿ, ಅನಾಥ ಗುಡಿಸಿನ ಹಿಂದೆ ‘ವಕಟಕಿವ’ ಎಂದು ಕಕ್ಕುತ್ತದೆ. ‘ಸಮಾಸ’ ‘ಸಾಮಸ’ ಆಗುತ್ತದೆ. ‘ಕನಕ’, ‘ನಯನ’ ಪಾಸಾಗುತ್ತವೆ, ಅವುಗಳಲ್ಲಿ ಗುಣಿತವಿಲ್ಲ. ಪದವನ್ನು ಗ್ರಾಫೀಮ್ ಕ್ಲಸ್ಟರ್‌ಗಳಾಗಿ, ಅಂದರೆ ಗುಣಿತ ಸಮೇತ ಇಡೀ ಅಕ್ಷರಗಳಾಗಿ, ಒಡೆದು ತಿರುಗಿಸಿದರೆ ವಿಕಟಕವಿ ಬದುಕುತ್ತಾನೆ. ಆದರೆ ಒತ್ತಕ್ಷರ ಬಂದರೆ ಮತ್ತೆ ಕಷ್ಟ. 2023ರ ಯೂನಿಕೋಡ್ 15.1ರಲ್ಲಿ ಒತ್ತಕ್ಷರವನ್ನು ಒಡೆಯದಿರುವ ನಿಯಮ ಬಂತು, ಪಕ್ಕದ ತೆಲುಗು ಆ ಪಟ್ಟಿಯಲ್ಲಿ ಸೇರಿತು, ಕನ್ನಡ ಸೇರಲಿಲ್ಲ. ಮಂಡ್ಯ ‘ಮಂ’, ‘ಡ್’, ‘ಯ’ ಎಂದು ಮೂರು ಹೋಳು. ಹಲಂತದಲ್ಲಿ ಮುಗಿಯುವ ಹೋಳನ್ನು ಮುಂದಿನದಕ್ಕೆ ನಾವೇ ಅಂಟಿಸಿಕೊಳ್ಳಬೇಕು. ಇದಕ್ಕೆ ತಕ್ಕ ಮುಖಭಾವ ಠ_ಠ. ಕನ್ನಡ ಬಾರದ ಲೋಕವೆಲ್ಲ ಸಿಡುಕು ಮೋರೆಗೆಂದು ಬಳಸುವ ಚಿಹ್ನೆ ಇದು. ಒಳಗಿನ ಚುಕ್ಕೆ ಕಣ್ಣಿನ ಪಾಪೆ, ತಲೆಕಟ್ಟು ಹುಬ್ಬು.

ಯೂನಿಕೋಡಿನ ಕನ್ನಡ ಪುಟವನ್ನು ಸುಮ್ಮನೆ ಓದುತ್ತ ಹೋದರೆ 3294ನೆಯ ಮನೆಯಲ್ಲಿ ಹಳಗನ್ನಡದ ೞ ಕಾಣುತ್ತದೆ. ಮನೆಯ ಬೋರ್ಡಿನ ಮೇಲೆ ಬರೆದಿರುವ ಹೆಸರು ‘ಕನ್ನಡ ಲೆಟರ್ ಫ’! ಪಕ್ಕದಲ್ಲೇ ಈ ಹೆಸರು ತಪ್ಪು ಎಂಬ ಷರಾ ಕೂಡ ಇದೆ. ಆದರೆ ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು 1996ರ 2.0 ಆವೃತ್ತಿಯಿಂದ ಕಟ್ಟುನಿಟ್ಟಿನ ನಿಯಮ. ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಿ ಕೈತೊಳೆದುಕೊಂಡಿದ್ದಾರೆ. ಆ ಬೋರ್ಡನ್ನು ನಂಬಿ ಹಳಗನ್ನಡ ಓದಿದರೆ ‘ಏೞು’ ಏಫು ಆಗುತ್ತದೆ, ‘ಬಾೞೆ’ ಬಾಫೆ. ನಂಜನಗೂಡಿನ ರಸಬಾಫೆ. ‘ಕೋೞಿ’ಯಂತೂ ನೇರವಾಗಿ ಕೋಫಿ. ಮಂಡ್ಯದ ಕಡೆ ಮುದ್ದೆಗೆ ಒಳ್ಳೆಯ ಜೋಡಿ, ಬಿಸಿಬಿಸಿ ಕೋಫಿ ಸಾರು.