ನಿಂತಲ್ಲೇ ನಡುಗುವ ಮಾರುತಿ 800: ಮೇ ತಿಂಗಳ ದುರಸ್ತಿ ದಿನಚರಿ

ಮೇ 4, ಭಾನುವಾರ

ನಮ್ಮ ಮನೆಯ 1997ರ ಮಾರುತಿ 800 ಓಡುವಾಗ ಯಾವ ತಕರಾರನ್ನೂ ಮಾಡುವುದಿಲ್ಲ, ನಿಂತಾಗ ಮಾತ್ರ ನಡುಗುತ್ತದೆ. ಕಲಬುರಗಿಯ ಸೇಡಂ ರಸ್ತೆಯಲ್ಲಿ ಮೂರನೆಯ ಗೇರಿನಲ್ಲಿ ಹೋಗುವಾಗ ಇಂಜಿನ್ನಿನ ಸದ್ದು ಹೊಲಿಗೆ ಯಂತ್ರದಂತೆ ಒಂದೇ ಸಮನಾಗಿರುತ್ತದೆ. ಜಗತ್ ವೃತ್ತದಲ್ಲಿ ಸಿಗ್ನಲ್ ಬಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಸ್ಟೀರಿಂಗು, ಗೇರಿನ ಕಡ್ಡಿ, ಒಳಗನ್ನಡಿ ಮೂರೂ ಸೇರಿ ನಡುಗಲು ತೊಡಗುತ್ತವೆ, ಮತ್ತು ಆ ಕನ್ನಡಿಯಲ್ಲಿ ಹಿಂದಿನ ಆಟೋದ ನಂಬರ್ ಪ್ಲೇಟನ್ನು ಓದಲಾಗದಷ್ಟು ಆ ನಡುಕ ಜೋರಾಗಿರುತ್ತದೆ.

ಕಳೆದ ವರ್ಷ ಒಂದು ಗ್ಯಾರೇಜಿನಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಬಿಚ್ಚಿಸಿ ತೊಳೆಸಿದ್ದೆವು. ಅದಾದ ಕೆಲವೇ ತಿಂಗಳಲ್ಲಿ ಈ ನಡುಕ ಆರಂಭವಾಯಿತು. ಮತ್ತೆ ಅಲ್ಲಿಗೆ ಹೋದಾಗ ಅವರು ನಿಂತಾಗಿನ ವೇಗ ಹೊಂದಿಸುವ ಸ್ಲೋ ಸ್ಕ್ರೂವನ್ನು ಒಂದು ಸುತ್ತು ಏರಿಸಿ ಕಳುಹಿಸಿದರು. ಇಂಜಿನ್ ವೇಗವಾಗಿ ತಿರುಗತೊಡಗಿದ್ದರಿಂದ ನಡುಕ ಅಡಗಿತು, ಪೆಟ್ರೋಲ್ ಖರ್ಚು ಹೆಚ್ಚಿತು. ರೋಗವನ್ನು ಮುಚ್ಚಿಟ್ಟರೇ ಹೊರತು ಹುಡುಕಲಿಲ್ಲ ಎಂಬುದು ನನ್ನ ಗುಮಾನಿ. ಆದ್ದರಿಂದ ಈ ರಜೆಯಲ್ಲಿ ಮೊದಲು ಅಳೆಯುವುದು, ಅನಂತರ ಬಿಚ್ಚುವುದು, ಕೊನೆಗೆ ಮಾತ್ರ ಹೊಸ ಸಾಮಾನು ಕೊಳ್ಳುವುದು ಎಂದು ನಿಶ್ಚಯಿಸಿಕೊಂಡು, ಇಂದು ಸ್ಲೋ ಸ್ಕ್ರೂವನ್ನು ಹಳೆಯ ಜಾಗಕ್ಕೆ ತಂದೆ. ಟ್ಯಾಕೋಮೀಟರ್ ಇರುವ ಮಲ್ಟಿಮೀಟರಿನಲ್ಲಿ ವೇಗ ನಿಮಿಷಕ್ಕೆ 900 ಸುತ್ತಿನ ಆಸುಪಾಸಿಗೆ ಬಂದಿತು, ನಡುಕವೂ ಮರಳಿ ಬಂದಿತು.

ಬಿಸಿಲಿನ ಪಾತ್ರವನ್ನು ಮೊದಲು ಬೇರ್ಪಡಿಸಬೇಕಾಗಿತ್ತು. ಕಲಬುರಗಿಯ ಮೇ ತಿಂಗಳಲ್ಲಿ ಮಧ್ಯಾಹ್ನದ ಬಿಸಿ 42 ಡಿಗ್ರಿ ದಾಟುವುದು ಸಾಮಾನ್ಯ, ಅಂಥ ಹೊತ್ತಿನಲ್ಲಿ ಕಾರ್ಬುರೇಟರಿನ ಬಟ್ಟಲಿನಲ್ಲಿರುವ ಪೆಟ್ರೋಲೇ ಆವಿಯಾಗಿ ಇಂಜಿನ್ನನ್ನು ಕಾಡುವುದುಂಟು. ಆದರೆ ಬೆಳಿಗ್ಗೆ ಆರು ಗಂಟೆಗೆ, ಅಂಗಳದ ಫರಸಿ ಇನ್ನೂ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಕಾಲು ಗಂಟೆ ಬಿಟ್ಟು ನೋಡಿದರೂ ನಡುಕ ಅಷ್ಟೇ ಇತ್ತು. ಬಿಸಿಲನ್ನು ಸಂಶಯದ ಪಟ್ಟಿಯಿಂದ ತೆಗೆದುಹಾಕಿದೆ.

ಮೇ 7, ಬುಧವಾರ

ಸಂಜೆ ಪಕ್ಕದ ಓಣಿಯ ಕಾಕಾ ಬಂದಿದ್ದರು. ಮೂವತ್ತು ವರ್ಷ ಲಾರಿ ಮಿಸ್ತ್ರಿಯಾಗಿದ್ದವರು. ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದು ಒಂದು ನಿಮಿಷ ಸುಮ್ಮನೆ ನಿಂತರು. "ಮಿಸ್ಸಿಂಗ್ ಹೊಡೀಲಕತ್ತದ ನೋಡು. ಒಂದು ಸಿಲಿಂಡರ್ ಅರ್ಧಾ ಕೆಲಸಾನೇ ಮಾಡ್ತದ" ಎಂದರು. "ಪ್ಲಗ್ ಬದಲಿ ಮಾಡ್ಲೇನ್ರೀ ಕಾಕಾ?" ಎಂದು ಕೇಳಿದ್ದಕ್ಕೆ, "ಮಾಡು, ರೊಕ್ಕ ನಿಂದೇ ಅದ" ಎಂದು ನಕ್ಕು ಹೋದರು.

ಅವರು ಹೇಳಿದ್ದನ್ನು ಅಂಕಿಯಲ್ಲಿ ನೋಡುವ ಬಗೆ ಸರಳವಾಗಿದೆ. ಇದು 796 ಸಿಸಿಯ ಮೂರು ಸಿಲಿಂಡರಿನ ಇಂಜಿನ್, ಉರಿಯುವ ಕ್ರಮ 1-3-2. ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಉರಿಯುವುದರಿಂದ, 900 ಸುತ್ತಿನ ವೇಗದಲ್ಲಿ ಒಂದೊಂದು ಸಿಲಿಂಡರಿನ ಪಾಲಿಗೆ ನಿಮಿಷಕ್ಕೆ 450 ಉರಿತಗಳು ಬರುತ್ತವೆ. ನಾಲ್ಕು ಸಿಲಿಂಡರಿನ ಗಾಡಿಯಲ್ಲಿ ಒಂದು ಸೋತರೆ ಕಾಲು ಭಾಗ ಹೋಗುತ್ತದೆ, ಇಲ್ಲಿ ಮೂರರಲ್ಲೊಂದು ಭಾಗವೇ ಹೋಗುತ್ತದೆ. ಚಿಕ್ಕ ದೋಷಕ್ಕೂ ಈ ಗಾಡಿ ಇಷ್ಟು ದೊಡ್ಡ ಗಲಾಟೆ ಮಾಡುವುದು ಅದಕ್ಕೇ.

ಇಂಜಿನ್ ನಿಲ್ಲಿಸಿ, ಸಿಲಿಂಡರಿನಲ್ಲಿ ಕಿಡಿ ಹಾರಿಸುವ ಪ್ಲಗ್ಗುಗಳಲ್ಲಿ ಒಂದರ ವೈರನ್ನು ತೆಗೆದು, ಅದರ ತುದಿಗೆ ಹಳೆಯ ಪ್ಲಗ್ಗೊಂದನ್ನು ಸಿಕ್ಕಿಸಿ, ಆ ಪ್ಲಗ್ಗು ಇಂಜಿನ್ನಿನ ಲೋಹಕ್ಕೆ ಗಟ್ಟಿಯಾಗಿ ತಾಗುವಂತೆ ಕಟ್ಟಿ, ಮತ್ತೆ ಸ್ಟಾರ್ಟ್ ಮಾಡಿ ವೇಗ ಎಷ್ಟು ಇಳಿಯಿತೆಂದು ಬರೆದುಕೊಂಡೆ. ವೈರನ್ನು ಗಾಳಿಯಲ್ಲಿ ಬಿಟ್ಟರೆ ಕಿಡಿ ಎಲ್ಲಿ ಹಾರಬೇಕೆಂದು ತಿಳಿಯದೆ ಇಗ್ನಿಷನ್ ಕಾಯಿಲಿಗೇ ಪೆಟ್ಟು ಬೀಳಬಹುದು. ಮೊದಲನೆಯ ಸಿಲಿಂಡರಿನ ವೈರು ತೆಗೆದಾಗ 140 ಸುತ್ತು ಇಳಿಯಿತು, ಎರಡನೆಯದಕ್ಕೆ 130, ಮೂರನೆಯದಕ್ಕೆ ಬರೀ 60. ಕೆಲಸ ಕಡಿಮೆ ಮಾಡುವ ಸಿಲಿಂಡರನ್ನು ತೆಗೆದರೆ ವೇಗವೂ ಕಡಿಮೆಯೇ ಇಳಿಯುತ್ತದೆ, ಹಾಗಾಗಿ ಅರ್ಧ ಕೆಲಸ ಮಾಡುವ ಸಿಲಿಂಡರ್ ಯಾವುದೆಂದು ಗೊತ್ತಾಯಿತು.

ಮೇ 9, ಶುಕ್ರವಾರ

ಅಳೆದು ಮುಗಿಯುವ ಮೊದಲೇ ಕೈ ತಡೆಯದೆ ಮೂರು ಹೊಸ ಪ್ಲಗ್ ತಂದು ಹಾಕಿದೆ. ಏನೂ ಬದಲಾಗಲಿಲ್ಲ. ಕಾಕಾ ಹೇಳಿದಂತೆ ರೊಕ್ಕ ನನ್ನದೇ. ಆದರೆ ಬಿಚ್ಚಿದ ಪ್ಲಗ್ಗುಗಳು ವ್ಯರ್ಥವಾಗಲಿಲ್ಲ. ಮೂರರ ತುದಿಯ ಪಿಂಗಾಣಿಯೂ ಇರಬೇಕಾದ ಕಂದು ಬಣ್ಣದಲ್ಲಿರದೆ ಸುಣ್ಣದಂತೆ ಬೆಳ್ಳಗಿತ್ತು. ಒಂದೇ ಪ್ಲಗ್ ಬಿಳುಪಾಗಿದ್ದರೆ ಆ ಸಿಲಿಂಡರಿನ ದೋಷವೆನ್ನಬಹುದಿತ್ತು. ಮೂರೂ ಬಿಳುಪಾಗಿವೆಯೆಂದರೆ ಇಡೀ ಇಂಜಿನ್ನಿಗೇ ಪೆಟ್ರೋಲ್ ಕಡಿಮೆಯಾಗಿ ಗಾಳಿ ಹೆಚ್ಚಾಗಿದೆ ಎಂದು ಅರ್ಥ. ಆ ಹೊತ್ತಿಗೆ ನನ್ನ ಮನಸ್ಸೆಲ್ಲ ಮೂರನೆಯ ಸಿಲಿಂಡರಿನ ಮೇಲೆಯೇ ಇದ್ದುದರಿಂದ ಈ ಸಾಕ್ಷ್ಯವನ್ನು ಪುಸ್ತಕದಲ್ಲಿ ಬರೆದಿಟ್ಟು ಮುಂದೆ ಹೋದೆ.

ಎರವಲು ತಂದ ಗೇಜಿನಿಂದ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಏರುವ ಒತ್ತಡ, ನೋಡಿದೆ. ಇಂಜಿನ್ ಬಿಸಿಯಿರುವಾಗ ಮೂರೂ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ನೋಡಿದಾಗ 165, 162, 158 ಪಿಎಸ್‌ಐ ಬಂದಿತು. ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಯದಕ್ಕೂ ಶೇ. 5ರಷ್ಟೂ ಅಂತರವಿಲ್ಲ. ವಾಲ್ವ್, ರಿಂಗ್, ಹೆಡ್ ಗ್ಯಾಸ್ಕೆಟ್ ಇವುಗಳ ಚಿಂತೆ ಅಲ್ಲಿಗೆ ಮುಗಿಯಿತು. ಇಂಜಿನ್ ಇಳಿಸುವ ಪ್ರಸಂಗ ಬರಲಿಲ್ಲವೆಂದು ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವರು ಅಪ್ಪ.

ಮೇ 11, ಭಾನುವಾರ

ರಾತ್ರಿ ಒಂಬತ್ತಕ್ಕೆ ಕರೆಂಟ್ ಹೋಯಿತು. ಬೀದಿದೀಪವೂ ಇಲ್ಲದ ಕತ್ತಲು ಇಂಥ ಪರೀಕ್ಷೆಗೆ ಬೇಕೆಂದರೂ ಸಿಗುವುದಿಲ್ಲ. ಬಾನೆಟ್ ಎತ್ತಿ, ಇಂಜಿನ್ ಚಾಲೂ ಇಟ್ಟು, ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ದೂರ ನಿಂತು ವೈರುಗಳ ಮೇಲೆ ಸಣ್ಣಗೆ ಮಂಜು ಹಿಡಿದೆ. ಮೂರನೆಯ ವೈರು ಒಂದು ಕ್ಲಿಪ್ಪಿನ ಮೇಲೆ ಬಾಗುವ ಜಾಗದಲ್ಲಿ ನೂಲಿನಷ್ಟು ತೆಳುವಾದ ನೀಲಿ ಗೆರೆಯೊಂದು ಚಟಚಟನೆ ಕುಣಿಯುತ್ತಿತ್ತು. ಪ್ಲಗ್ಗಿಗೆ ಹೋಗಬೇಕಾದ ಕಿಡಿಯಲ್ಲಿ ಒಂದು ಪಾಲು ಅಲ್ಲಿಯೇ ಇಂಜಿನ್ನಿನ ಲೋಹಕ್ಕೆ ಹಾರಿ ಹೋಗುತ್ತಿದೆ. ಮರುದಿನ ಹಗಲಿನಲ್ಲಿ ನೋಡಿದರೆ ಆ ಜಾಗದ ರಬ್ಬರಿನಲ್ಲಿ ಕೂದಲೆಳೆಯಂಥ ಬಿರುಕು, ಬೆರಳಿನಿಂದ ಬಾಗಿಸಿದಾಗ ಮಾತ್ರ ಕಾಣುವಂಥದು.

ಮೇ 14, ಬುಧವಾರ

ವೈರುಗಳ ಹೊಸ ಸೆಟ್ ಹಾಕಿ ಅದೇ ಪರೀಕ್ಷೆಯನ್ನು ಮತ್ತೆ ಮಾಡಿದಾಗ 140, 135, 120 ಬಂದಿತು. ಮೂರನೆಯ ಸಿಲಿಂಡರ್ ಸಾಲಿಗೆ ಬಂದಿದೆ. ಆದರೂ ನಡುಕ ಪೂರ್ತಿ ಹೋಗಲಿಲ್ಲ, ಲಯ ಬದಲಾಯಿತು, ಅಷ್ಟೆ. ಮೊದಲು ಒಂದೇ ಲೆಕ್ಕದಲ್ಲಿ ಬರುತ್ತಿದ್ದ ಪೆಟ್ಟು ಈಗ ಯಾವ ಸಿಲಿಂಡರಿನದೆಂದು ಹೇಳಲಾಗದಂತೆ ಅಲ್ಲೊಂದು ಇಲ್ಲೊಂದು ಬೀಳುತ್ತಿತ್ತು. ಇಲ್ಲಿ ಎರಡು ರೋಗಗಳಿದ್ದವು, ಒಂದು ಮಾತ್ರ ವಾಸಿಯಾಗಿದೆ.

ಬೆಳ್ಳಗಾದ ಪ್ಲಗ್ಗುಗಳು ಆಗ ನೆನಪಾದವು. ಗಾಡಿಯ ಕಾಗದಪತ್ರದ ಚೀಲದಲ್ಲಿ ಏಪ್ರಿಲ್‌ನಲ್ಲಿ ಮಾಡಿಸಿದ ಹೊಗೆ ತಪಾಸಣೆಯ ಚೀಟಿಯಿತ್ತು. ಪಾಸಾಗಿದೆಯೇ ಎಂದು ನೋಡಿ ಮಡಚಿ ಇಟ್ಟಿದ್ದೆನೇ ಹೊರತು ಅಂಕಿಗಳನ್ನು ಓದಿರಲಿಲ್ಲ. ಕಾರ್ಬನ್ ಮೊನಾಕ್ಸೈಡ್ ಶೇ. 0.4, ಹೈಡ್ರೋಕಾರ್ಬನ್ 1380 ಪಿಪಿಎಂ. ಇಷ್ಟು ಹಳೆಯ ಪೆಟ್ರೋಲ್ ಕಾರಿಗೆ ಇರುವ ಮಿತಿ ಶೇ. 3 ಮತ್ತು 1500 ಪಿಪಿಎಂ, ಆದ್ದರಿಂದ ಗಾಡಿ ಪಾಸು. ಆದರೆ ಈ ಎರಡು ಅಂಕಿಗಳನ್ನು ಜೊತೆಯಾಗಿ ಓದಬೇಕು. ಪೆಟ್ರೋಲ್ ಹೆಚ್ಚಾಗಿ ಗಾಳಿ ಸಾಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಏರುತ್ತದೆ. ಇಲ್ಲಿ ಅದು ತೀರಾ ಕಡಿಮೆಯಿದೆ, ಅಂದರೆ ಗಾಳಿಗೆ ಕೊರತೆಯಿಲ್ಲ. ಹಾಗಿದ್ದೂ ಉರಿಯದ ಪೆಟ್ರೋಲ್ ಹೈಡ್ರೋಕಾರ್ಬನ್ ರೂಪದಲ್ಲಿ ರಾಶಿಯಾಗಿ ಹೊರಬರುತ್ತಿದೆ. ಕೆಟ್ಟ ವೈರು ಅದರಲ್ಲಿ ಒಂದು ಪಾಲನ್ನು ವಿವರಿಸುತ್ತದೆ. ಉಳಿದದ್ದಕ್ಕೆ ಹೊಂದುವ ವಿವರಣೆ ಒಂದೇ: ಮಿಶ್ರಣ ಎಷ್ಟು ತೆಳುವಾಗಿದೆಯೆಂದರೆ ಕೆಲವು ಸಲ ಕಿಡಿ ಬಿದ್ದರೂ ಅದಕ್ಕೆ ಬೆಂಕಿ ಹತ್ತುತ್ತಿಲ್ಲ. ಪ್ಲಗ್ಗಿನ ದುಡ್ಡು ಉಳಿಸಬಹುದಾಗಿದ್ದ ಚೀಟಿ ತಿಂಗಳಿಂದ ಡ್ಯಾಶ್‌ಬೋರ್ಡಿನಲ್ಲೇ ಬಿದ್ದಿತ್ತು.

ಖಚಿತಪಡಿಸಿಕೊಳ್ಳಲು, ಗಾಳಿ ತಡೆದು ಪೆಟ್ರೋಲ್ ಹೆಚ್ಚಿಸುವ ಚೋಕ್ ಎಳೆದು ನೋಡುವುದು ರೂಢಿ. ಆದರೆ ಚೋಕಿನ ಗುಂಡಿ ಎಳೆದಾಗ ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಬಾಗಿಲು) ಕೂಡ ತುಸು ತೆರೆದುಕೊಳ್ಳುವುದರಿಂದ ಆ ಪರೀಕ್ಷೆ ಶುದ್ಧವಲ್ಲ. ಅದರ ಬದಲು ಏರ್ ಫಿಲ್ಟರ್ ತೆಗೆದು, ಮನೆಗೆ ಬಂದಿದ್ದ ಲಗ್ನಪತ್ರಿಕೆಯ ದಪ್ಪ ರಟ್ಟಿನಿಂದ ಕಾರ್ಬುರೇಟರಿನ ಬಾಯಿಯನ್ನು ಮೆಲ್ಲಗೆ ಮುಚ್ಚುತ್ತಾ ಹೋದೆ. ಮುಕ್ಕಾಲು ಮುಚ್ಚುವಷ್ಟರಲ್ಲಿ ವೇಗ ತಾನಾಗಿಯೇ 80 ಸುತ್ತು ಏರಿತು, ನಡುಕ ನಿಂತಿತು. ಮಿಶ್ರಣ ಸರಿಯಿರುವ ಇಂಜಿನ್ ಹೀಗೆ ಬಾಯಿ ಮುಚ್ಚಿದರೆ ಕೆಮ್ಮಿ ನಿಲ್ಲಬೇಕಿತ್ತು.

ಮೇ 18, ಭಾನುವಾರ

ತೆಳುವಾಗಲು ಎರಡು ದಾರಿಗಳಿವೆ: ನಿಂತಾಗ ಪೆಟ್ರೋಲ್ ಬಿಡುವ ಸಣ್ಣ ರಂಧ್ರವಾದ ಐಡಲ್ ಜೆಟ್ಟಿನಲ್ಲಿ ಪೆಟ್ರೋಲ್ ತಡೆದಿರಬೇಕು, ಇಲ್ಲವೇ ಕಾರ್ಬುರೇಟರನ್ನು ದಾಟಿದ ಮೇಲೆ ಎಲ್ಲಿಂದಲೋ ಕಳ್ಳ ಗಾಳಿ ನುಗ್ಗುತ್ತಿರಬೇಕು. ಮಿಶ್ರಣವನ್ನು ಸಿಲಿಂಡರುಗಳಿಗೆ ಹಂಚುವ ಮ್ಯಾನಿಫೋಲ್ಡಿಗೆ, ಒಳಗಿನ ಹೀರಿಕೆ ಅಳೆಯುವ ವ್ಯಾಕ್ಯೂಮ್ ಗೇಜ್ ಜೋಡಿಸಿದೆ. ಆರೋಗ್ಯವಂತ ಇಂಜಿನ್ ಸಮುದ್ರಮಟ್ಟದಲ್ಲಿ ಪಾದರಸದ ಲೆಕ್ಕದಲ್ಲಿ 18ರಿಂದ 21 ಇಂಚು ತೋರಿಸುತ್ತದೆ ಎನ್ನುತ್ತಾರೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಸಾವಿರ ಅಡಿಗೆ ಒಂದು ಇಂಚಿನಂತೆ ಕಳೆದರೆ ನಮ್ಮೂರಿನ ಲೆಕ್ಕ ಒಂದೂವರೆ ಇಂಚು ಕಡಿಮೆ. ಗೇಜಿನ ಮುಳ್ಳು 13ರಲ್ಲಿ ನಿಂತಿತ್ತು. ವಾಲ್ವ್ ಸೋರಿದರೆ ಮುಳ್ಳು ಲಯಬದ್ಧವಾಗಿ ಹಾರುತ್ತದೆ. ಇದು ಸಣ್ಣಗೆ ಅದುರುತ್ತಾ ಕೆಳಗೇ ಕುಳಿತಿತ್ತು. ಹಾಗೆ ಕುಳಿತರೆ ಟೈಮಿಂಗ್, ಅಂದರೆ ಕಿಡಿ ಬೀಳುವ ಹೊತ್ತು, ಹಿಂದೆ ಬಿದ್ದಿರಬೇಕು ಅಥವಾ ಗಾಳಿ ಸೋರುತ್ತಿರಬೇಕು. ಟೈಮಿಂಗ್ ಲೈಟ್ ಹಿಡಿದು ನೋಡಿದಾಗ ಗುರುತು ಜಾಗದಲ್ಲೇ ಇತ್ತು.

ಹಾಗಾದರೆ ಗಾಳಿ. ಸೋರುವ ಜಾಗ ಹುಡುಕಲು ಕೆಲವರು ಪೆಟ್ರೋಲನ್ನೇ ಸಿಂಪಡಿಸುತ್ತಾರೆ. ಬಿಸಿ ಸೈಲೆನ್ಸರಿನ ಪಕ್ಕದಲ್ಲಿ ಅದನ್ನು ಮಾಡುವ ಧೈರ್ಯ ನನಗಿಲ್ಲ, ಯಾರಿಗೂ ಇರಬಾರದು. ನೀರಿನ ಬಾಟಲಿಯೇ ಸಾಕು. ರಬ್ಬರ್ ಪೈಪುಗಳ ತುದಿ, ಮ್ಯಾನಿಫೋಲ್ಡ್ ಹೆಡ್ಡಿಗೆ ಸೇರುವ ಗೆರೆ ಎಲ್ಲ ಕಡೆ ಚಿಮುಕಿಸಿದರೂ ಏನೂ ಆಗಲಿಲ್ಲ. ಕೊನೆಗೆ ಕಾರ್ಬುರೇಟರಿನ ಬುಡದ ಒಂದು ಮೂಲೆಗೆ ನೀರು ಬಿದ್ದದ್ದೇ ತಡ, "ಸುರ್" ಎಂಬ ಸದ್ದು ಕೇಳಿಸಿ, ಎರಡು ಸೆಕೆಂಡು ಇಂಜಿನ್ ಮೆತ್ತಗಾಗಿ, ಮುಳ್ಳು 16ಕ್ಕೆ ನೆಗೆದು ಮತ್ತೆ ಬಿದ್ದಿತು. ನೀರು ಬಿರುಕನ್ನು ಮುಚ್ಚಿದ್ದಷ್ಟು ಹೊತ್ತು ಗಾಡಿ ಗುಣವಾಗಿತ್ತು.

ಮೇ 25, ಭಾನುವಾರ

ಕಾರ್ಬುರೇಟರ್ ಬಿಚ್ಚಿದೆ. ಅದರ ಮತ್ತು ಮ್ಯಾನಿಫೋಲ್ಡಿನ ನಡುವೆ ಬಿಸಿ ತಡೆಯಲು ಕಪ್ಪು ಇನ್ಸುಲೇಟರಿನ ದಪ್ಪ ಬಿಲ್ಲೆ ಇರುತ್ತದೆ, ಅದರ ಎರಡೂ ಬದಿಗೆ ಗ್ಯಾಸ್ಕೆಟ್. ಗ್ಯಾಸ್ಕೆಟ್ಟುಗಳು ಹಳೆಯವೇ, ಮೇಲೆ ಕೆಂಪು ಪೇಸ್ಟ್ ಬಳಿದು ಮತ್ತೆ ಕೂರಿಸಲಾಗಿತ್ತು. ಪೇಸ್ಟನ್ನು ಪೆಟ್ರೋಲ್ ತಿಂದು ಹಾಕಿದೆ. ನಟ್ಟುಗಳನ್ನು ಪಾನಾಕ್ಕೆ ಸಿಕ್ಕಷ್ಟು ಬಿಗಿದಿದ್ದರಿಂದ ಬಿಲ್ಲೆಯ ಎರಡು ಕಿವಿಗಳು ಕೆಳಗೆ ಬಾಗಿ ನಡುಭಾಗ ಉಬ್ಬಿತ್ತು. ಸ್ಟೀಲ್ ಪಟ್ಟಿ ಅಡ್ಡ ಇಟ್ಟು, ಸಂದು ಅಳೆಯುವ ತೆಳು ಲೋಹದೆಲೆಗಳ ಫೀಲರ್ ಗೇಜ್ ತೂರಿಸಿದರೆ 0.25 ಮಿ.ಮೀ. ಎಲೆ ಸರಾಗವಾಗಿ ಒಳಹೋಯಿತು.

ಇಷ್ಟು ಸಣ್ಣ ಸಂದು ಓಡುವಾಗ ಏಕೆ ಕಾಡುವುದಿಲ್ಲ ಎಂದು ಅಪ್ಪ ಕೇಳಿದರು. ನಿಂತಾಗ ಥ್ರಾಟಲ್ ಬಹುತೇಕ ಮುಚ್ಚಿರುತ್ತದೆ, ಇಂಜಿನ್ ಎಳೆಯುವ ಒಟ್ಟು ಗಾಳಿಯೇ ಕಡಿಮೆ, ಅದೇ ಸಮಯಕ್ಕೆ ಒಳಗಿನ ಹೀರಿಕೆ ಬಹಳ ಬಲವಾಗಿರುತ್ತದೆ. ಅಂಥ ಹೊತ್ತಿನಲ್ಲಿ ಸಂದಿನಿಂದ ಬರುವ ಗಾಳಿ ಒಟ್ಟಿನಲ್ಲಿ ದೊಡ್ಡ ಪಾಲಾಗುತ್ತದೆ. ಥ್ರಾಟಲ್ ತೆರೆದ ಮೇಲೆ ಅದು ಕೊಳದಲ್ಲಿ ಒಂದು ತಂಬಿಗೆ ನೀರು. ಇದರ ಮೇಲೆ ಈಗಿನ ಪೆಟ್ರೋಲಿನ ಕೊಡುಗೆಯೂ ಇದೆ. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಸಾಕು. ಶೇ. 20ರಷ್ಟು ಎಥನಾಲ್ ಬೆರೆತ ಇಂಧನಕ್ಕೆ ಸುಮಾರು 13.5 ಸಾಕಾಗುತ್ತದೆ. ಹಳೆಯ ಕಾಲದ ಜೆಟ್ಟಿಗೆ ಇದು ಗೊತ್ತಿಲ್ಲವಾದ್ದರಿಂದ ಮಿಶ್ರಣ ಮೊದಲೇ ಶೇ. 8ರಷ್ಟು ತೆಳುವಾಗಿತ್ತು. ತೆಳುವಿನ ಅಂಚಿನಲ್ಲಿ ನಿಂತಿದ್ದ ಇಂಜಿನ್ನನ್ನು ಆ ಸಂದು ಆಚೆಗೆ ತಳ್ಳಿತು.

ಬಿಲ್ಲೆಯನ್ನು ಸಮ ಮಾಡಲು ಮೊದಲು ಅಂಗಳದ ಶಹಾಬಾದ್ ಫರಸಿಯ ಮೇಲೆ ಎಮರಿ ಪೇಪರ್ ಹಾಸಿ ಉಜ್ಜಿದೆ. ನುಣ್ಣಗೆ ಕಾಣುವ ಫರಸಿಗೂ ಏರಿಳಿತವಿರುತ್ತದೆಂದು ಆಗ ತಿಳಿಯಿತು. ಕಡೆಗೆ ಟೀಪಾಯಿಯ ದಪ್ಪ ಗಾಜಿನ ಮೇಲೆ ಪೇಪರ್ ಅಂಟಿಸಿ, ಎಂಟರ ಅಂಕಿಯಂತೆ ಕೈ ತಿರುಗಿಸುತ್ತಾ ಮುಕ್ಕಾಲು ಗಂಟೆ ಉಜ್ಜಿದ ಮೇಲೆ 0.05 ಮಿ.ಮೀ. ಎಲೆಯೂ ಒಳಹೋಗದಂತಾಯಿತು. ಹೊಸ ಗ್ಯಾಸ್ಕೆಟ್, ಪೇಸ್ಟ್ ಇಲ್ಲ, ನಟ್ಟುಗಳು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ. ಮಿಶ್ರಣದ ಸ್ಕ್ರೂವನ್ನು ವ್ಯಾಕ್ಯೂಮ್ ಮುಳ್ಳು ಅತಿ ಎತ್ತರಕ್ಕೆ ಹೋಗುವವರೆಗೆ ಬಿಚ್ಚಿ, ಎಥನಾಲಿನ ಲೆಕ್ಕಕ್ಕೆಂದು ಅಲ್ಲಿಂದ ಒಂದಿಷ್ಟೂ ಒಳಕ್ಕೆ ತಿರುಗಿಸದೆ ಬಿಟ್ಟೆ. ಮುಳ್ಳು 18ರಲ್ಲಿದೆ, ವೇಗ 900.

ಜೂನ್ 1, ಭಾನುವಾರ

ಹೊಗೆ ತಪಾಸಣೆಯನ್ನು ಬೇಕೆಂದೇ ಮತ್ತೊಮ್ಮೆ ಮಾಡಿಸಿದೆ. ಅವಧಿ ಮುಗಿಯುವ ಮೊದಲೇ ಬಂದದ್ದೇಕೆಂದು ಆ ಹುಡುಗ ಎರಡು ಸಲ ಕೇಳಿದ. ಕಾರ್ಬನ್ ಮೊನಾಕ್ಸೈಡ್ ಶೇ. 1.6, ಹೈಡ್ರೋಕಾರ್ಬನ್ 420 ಪಿಪಿಎಂ. ಜಗತ್ ವೃತ್ತದಲ್ಲಿ ನಿಂತಾಗ ಕನ್ನಡಿಯಲ್ಲಿ ಹಿಂದಿನ ಗಾಡಿಯ ನಂಬರ್ ಓದಿದೆ, ಕೆಎ 32 ಎಂಬುದಷ್ಟೇ ಅಲ್ಲ, ಮುಂದಿನ ನಾಲ್ಕು ಅಂಕಿಗಳನ್ನೂ.

ಗೇರಿನ ಕಡ್ಡಿ ಮಾತ್ರ ಇನ್ನೂ ಸಣ್ಣಗೆ ನಡುಗುತ್ತದೆ. ಕಾಕಾ ಅದನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿ, "ಇದು ಇಂಜಿನ್ ಅಲ್ಲೋ, ಮೌಂಟಿಂಗ್ ರಬ್ಬರ್ ಸತ್ತದ" ಎಂದರು. ಜಾಕ್ ಕೊಟ್ಟು ಇಂಜಿನ್ನನ್ನು ತುಸು ಎತ್ತಿ ನೋಡಿದೆ, ಒಂದು ರಬ್ಬರ್ ನಿಜವಾಗಿಯೂ ಲೋಹದಿಂದ ಬಿಟ್ಟುಕೊಂಡಿದೆ. ಅಂಗಡಿಯಲ್ಲಿ ಹೇಳಿಟ್ಟಿದ್ದೇನೆ, ಹೈದರಾಬಾದಿನಿಂದ ಬರಬೇಕು.