ಲೀಕೇಜ್ ಪತ್ರದ ಇಂಗ್ಲಿಷು

ಮುಂಬೈಯಲ್ಲಿ ಮಳೆ ಹಿಡಿಯಿತು ಅಂದರೆ ಹೌಸಿಂಗ್ ಸೊಸೈಟಿ ಆಫೀಸಿಗೆ ಲೀಕೇಜ್ ಪತ್ರಗಳು ಬರೋಕೆ ಶುರು. ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಈ ಸಲದ ಸರದಿ ಎದುರುಮನೆ ಮಾಮನದು. ಊರು ಉಡುಪಿ ಕಡೆ, ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ಅವರ ಬಾತ್‌ರೂಮಿನ ಸೀಲಿಂಗು ಕಪ್ಪಿಟ್ಟು, ಪ್ಲಾಸ್ಟರ್ ಚಕ್ಕೆ ಚಕ್ಕೆಯಾಗಿ ಬಕೆಟ್ಟಿಗೆ ಬೀಳುತ್ತಿತ್ತು. "ಪತ್ರ ಬರೆದಿದ್ದೇನೆ, ಒಮ್ಮೆ ನೋಡು ಮಾರಾಯ" ಅಂತ ಭಾನುವಾರ ಬೆಳಿಗ್ಗೆ ಕರೆದರು.

"ಐ ಬೆಗ್ ಟು ಬ್ರಿಂಗ್ ಟು ಯುವರ್ ಕೈಂಡ್ ನೋಟೀಸ್" ಅಂತ ಆರಂಭ. ನಡುವೆ "ಕನ್ಸಿಡರಬಲ್ ಸೀಪೇಜ್ ಹ್ಯಾಸ್ ಬೀನ್ ಅಬ್ಸರ್ವ್ಡ್". ಕೊನೆಗೆ ನಮ್ಮೆಲ್ಲರ ಪ್ರೀತಿಯ "ಕೈಂಡ್ಲಿ ಡು ದ ನೀಡ್‌ಫುಲ್". ಅಕ್ಷರ ಮುತ್ತಿನಂತಿತ್ತು. ಆದರೆ ನೀರು ಎಲ್ಲಿಂದ ಬರುತ್ತಿದೆ, ಯಾರು ಏನು ಮಾಡಬೇಕು, ಅದೊಂದು ಮಾತ್ರ ಪತ್ರದಲ್ಲಿ ಇರಲಿಲ್ಲ.

ಕಾಲೇಜಿಗೆ ಹೋಗುವ ಮಾಮನ ಮಗಳು ನಕ್ಕಳು. "ಅಪ್ಪಾ, ಇದು ಯಾವ ಕಾಲದ ಇಂಗ್ಲಿಷು?" ಅಂತ ಮೊಬೈಲಿನಲ್ಲಿ ಟಕಟಕ ಟೈಪ್ ಮಾಡಿದಳು: "ಹಾಯ್, ಅವರ್ ಸೀಲಿಂಗ್ಸ್ ಲೀಕಿಂಗ್, ಗೆಟ್ ಇಟ್ ಫಿಕ್ಸ್ಡ್ ಎಎಸ್‌ಎಪಿ." ಎಎಸ್‌ಎಪಿ ಅಂದರೆ ಆದಷ್ಟು ಬೇಗ. ಮಾಮನಿಗೆ ಸಿಟ್ಟು ಬಂತು. "ಸೆಕ್ರೆಟರಿ ಎಂತ, ನಿನ್ನ ಕ್ಲಾಸ್‌ಮೇಟಾ?"

ಇಬ್ಬರ ನಡುವೆ ನಾನು ಸಿಕ್ಕಿಕೊಂಡೆ. ಅಸಲಿಗೆ ಈ ಜಗಳ ಇಂಗ್ಲಿಷಿನೊಳಗೇ ಇದೆ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯವರು ಇಂಗ್ಲೆಂಡನ್ನು ಗೆದ್ದರು. ಆಮೇಲೆ ಬಹಳ ಕಾಲ ಅರಮನೆಯಲ್ಲಿ, ಕೋರ್ಟಿನಲ್ಲಿ ಫ್ರೆಂಚು, ಲ್ಯಾಟಿನ್ನು. ಹೊಲ, ಅಡುಗೆಮನೆಯಲ್ಲಿ ಹಳೇ ಇಂಗ್ಲಿಷು. ಹಾಗಾಗಿ ಆಸ್ಕ್, ಬೈ, ಇನಫ್ ಮನೆಮಾತು. ರಿಕ್ವೆಸ್ಟ್, ಪರ್ಚೇಸ್, ಸಫಿಶಿಯಂಟ್ ದೊಡ್ಡವರ ಮಾತು. ಪುಟ್ ಆಫ್ ಅಂದರೆ ಬಾಯಿಮಾತು, ಪೋಸ್ಟ್‌ಪೋನ್ ಅಂದರೆ ಕಾಗದದ ಮಾತು. ಆ ಮೇಲು ಕೀಳು ಇನ್ನೂ ಹೋಗಿಲ್ಲ ನೋಡಿ, ಅದೂ ನಮ್ಮ ಡೊಂಬಿವಲಿ ತನಕ ಬಂದು ಕೂತಿದೆ.

ನನಗನಿಸೋದು, ನಾವು ಉದ್ದದ ಪದವನ್ನೇ ಮರ್ಯಾದೆ ಅಂದುಕೊಂಡಿದ್ದೇವೆ. ಕನ್ನಡದಲ್ಲಾದರೆ ನೀವು ಅಂದರೆ ಅರ್ಧ ಕೆಲಸ ಮುಗೀತು. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಯೂ, ಅದಕ್ಕೇ ಅಲ್ಲಿ ಮರ್ಯಾದೆ ಇರೋದು ಕುಡ್ ಯೂ, ವುಡ್ ಯೂ ಅನ್ನೋ ಕೇಳುವ ರೀತಿಯಲ್ಲಿ. "ಕುಡ್ ಯೂ ಪ್ಲೀಸ್ ಸೆಂಡ್ ಎ ಪ್ಲಂಬರ್" ಅನ್ನೋದರಲ್ಲಿ ಒಂದೂ ಭಾರೀ ಪದ ಇಲ್ಲ, ಯಾರಿಗೂ ಅವಮಾನವೂ ಇಲ್ಲ.

ಇನ್ನೊಂದು ವಿಷಯ ಮಾಮನಿಗೆ ಹೇಳಲೇಬೇಕಾಯಿತು. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಬೈಲಾ, ಅಂದರೆ ನಿಯಮಾವಳಿ, ಪ್ರಕಾರ ಟೆರೇಸು, ಹೊರಗೋಡೆಯಿಂದ ಸೋರಿದರೆ ಖರ್ಚು ಸೊಸೈಟಿಯದು. ಟಾಯ್ಲೆಟ್ಟು, ಸಿಂಕಿನಿಂದ ಸೋರಿದರೆ ಆ ಫ್ಲ್ಯಾಟಿನವರದು. "ಸೀಪೇಜ್ ಹ್ಯಾಸ್ ಬೀನ್ ಅಬ್ಸರ್ವ್ಡ್" ಅಂತ ಬರೆದರೆ ಸೊಸೈಟಿ ಮೇಲಿನವರತ್ತ, ಮೇಲಿನವರು ಸೊಸೈಟಿಯತ್ತ ಕೈ ತೋರಿಸಿಕೊಂಡು ದೀಪಾವಳಿ ತನಕ ಆರಾಮಾಗಿ ಇರಬಹುದು, ಅಲ್ವಾ?

ಹಾಗಾಗಿ ಹೊಸ ಪತ್ರ. ಮೇಲಿನ ಫ್ಲ್ಯಾಟಿನ ಬಾತ್‌ರೂಮಿನಿಂದ ನಮ್ಮ ಸೀಲಿಂಗಿಗೆ ನೀರು ಇಳಿಯುತ್ತಿದೆ, ಅವರು ಅಲ್ಲಿ ನೀರು ಬಿಟ್ಟಾಗ ಜಾಸ್ತಿಯಾಗುತ್ತದೆ, ಪ್ಲಂಬರ್ ಕರೆದುಕೊಂಡು ಈ ವಾರವೇ ಬಂದು ನೋಡುವಿರಾ, ಫೋಟೋ ಲಗತ್ತಿಸಿದೆ. ಇಷ್ಟೇ. ಮಗಳ ಲೀಕಿಂಗ್ ಉಳಿಯಿತು, ಎಎಸ್‌ಎಪಿ ಹೋಯಿತು. ಮಾಮ ಒಂದಕ್ಕೆ ಮಾತ್ರ ಪಟ್ಟು ಹಿಡಿದರು: ಡಿಯರ್ ಸರ್ ಅಂತ ಶುರು ಮಾಡಿದ ಮೇಲೆ ಕೊನೆಗೆ ಯುವರ್ಸ್ ಫೇತ್‌ಫುಲಿಯೇ ಬರಬೇಕು, ಸಿನ್ಸಿಯರ್ಲಿ ಹೆಸರು ಹಿಡಿದು ಬರೆದ ಪತ್ರಕ್ಕೆ. ಅದು ಸರಿಯೇ, ಸುಮ್ಮನಾದೆ.

ಎರಡು ಪ್ರತಿ ಮಾಡಿ, ಒಂದಕ್ಕೆ ಆಫೀಸಿನ ಸೀಲು ಹಾಕಿಸಿಕೊಂಡು ಬಂದರು. ಸಂಜೆ ಸೆಕ್ರೆಟರಿಯಿಂದ ವಾಟ್ಸಾಪ್ ಬಂತು: "ನೋಟೆಡ್. ವಿಲ್ ರಿವರ್ಟ್." ಆಮೇಲೆ ತಿಳಿಸುತ್ತೇನೆ ಅನ್ನೋದಕ್ಕೆ ಆಫೀಸು ಇಂಗ್ಲಿಷು. ಮಗಳು ಮತ್ತೆ ನಕ್ಕಳು. ಆದರೆ ಆ ವಾರವೇ ಪ್ಲಂಬರ್ ಬಂದ, ಮೇಲಿನ ಮನೆಯ ನಹಾನಿ ಟ್ರಾಪ್, ಅಂದರೆ ಬಾತ್‌ರೂಮಿನ ನೆಲದ ನೀರು ಹೋಗುವ ಕಿಂಡಿ, ಒಡೆದಿದೆ ಅಂತ ತೋರಿಸಿದ, ದುಡ್ಡು ಮೇಲಿನವರೇ ಕೊಟ್ಟರು.